ಸ್ತನದ ಗಡ್ಡೆಯಲ್ಲಿ ಹಾಟೇರ್ ಅಳೆಯುವುದು: ವಿಜಯಪುರದ ಆಪರೇಷನ್ ಥಿಯೇಟರಿನಿಂದ ಬೆಳಗಾವಿಯ ಲ್ಯಾಬಿನವರೆಗೆ

ಹಾಟೇರ್ (HOTAIR) 200 ಅಕ್ಷರಗಳಿಗಿಂತ (ನ್ಯೂಕ್ಲಿಯೋಟೈಡ್) ಉದ್ದದ, ಪ್ರೋಟೀನ್ ಕಟ್ಟದ ಆರ್‌ಎನ್‌ಎ. ಮೂಲ ಗಡ್ಡೆಯಲ್ಲಿ ಇದರ ಮಟ್ಟ ಹೆಚ್ಚಿದ್ದರೆ ಕ್ಯಾನ್ಸರ್ ದೇಹದ ಬೇರೆಡೆಗೆ ಹರಡುವ ಅಪಾಯವೂ ಹೆಚ್ಚು ಎಂದು 2010ರಲ್ಲಿ ವರದಿಯಾಯಿತು. ಚಿಕಿತ್ಸೆ ನಿರ್ಧಾರವಾಗುವುದು ಇಂದಿಗೂ ಮುಖ್ಯವಾಗಿ ಇಆರ್, ಪಿಆರ್ (ಗಡ್ಡೆಯ ಜೀವಕೋಶಗಳಲ್ಲಿನ ಹಾರ್ಮೋನು ಗ್ರಾಹಕಗಳು), ಹರ್2 (ಜೀವಕೋಶಕ್ಕೆ ಬೆಳೆಯಲು ಸೂಚಿಸುವ ಪ್ರೋಟೀನ್), ಕಂಕುಳ ಗ್ರಂಥಿಗಳ ಸ್ಥಿತಿ ಮುಂತಾದವುಗಳ ಮೇಲೆ. ಹಾಟೇರ್ ಸಂಶೋಧನೆಯ ಅಳತೆ. ರೋಗಿಯ ರಿಪೋರ್ಟಿನಲ್ಲಿ ಬರೆಯಬೇಡಿ.

ನೈತಿಕ ಸಮಿತಿಯ ಅನುಮತಿ, ರೋಗಿಗೆ ಅರ್ಥವಾಗುವ ಕನ್ನಡದಲ್ಲಿ ಒಪ್ಪಿಗೆ ಪತ್ರ ಮೊದಲೇ ಇರಲಿ. ರೋಗನಿರ್ಣಯಕ್ಕೆ ಬೇಕಾದಷ್ಟನ್ನು ಪೆಥಾಲಜಿಸ್ಟ್ ತೆಗೆದುಕೊಂಡ ಮೇಲೆ ಉಳಿದದ್ದಷ್ಟೇ ನಮ್ಮದು. ಗಡ್ಡೆಯ ಭಾಗ ಬೂದುಬಿಳುಪು, ಚಾಕು ಹಾಕಿದರೆ ಕಾಯಿ ಪೇರಲ ಕೊಯ್ದಂತೆ ಕರಕರ ಎನ್ನುತ್ತದೆ. ಹಳದಿ ಕೊಬ್ಬನ್ನು ಬಿಡಿಸಿ, 5 ಮಿ.ಮೀ.ಗಿಂತ ದಪ್ಪವಾಗದಂತೆ ಹೆಚ್ಚಿ, ಅರ್ಧ ಗಂಟೆಯೊಳಗೆ ಐದರಿಂದ ಹತ್ತು ಪಟ್ಟು ಆರ್‌ಎನ್‌ಎಲೇಟರ್‌ನಲ್ಲಿ (ಆರ್‌ಎನ್‌ಎ ಕೆಡದಂತೆ ಕಾಯುವ ದ್ರಾವಣ) ಮುಳುಗಿಸಿ. ದಪ್ಪ ತುಂಡಿನ ನಡುವಿಗೆ ದ್ರಾವಣ ಇಳಿಯುವಷ್ಟರಲ್ಲಿ ಅಲ್ಲಿನ ಆರ್‌ಎನ್‌ಎ ಹಾಳಾಗಿರುತ್ತದೆ.

ಒಂದು ರಾತ್ರಿ 4 ಡಿಗ್ರಿಯಲ್ಲಿಟ್ಟು, ಐಸ್ ಪ್ಯಾಕ್ ಹಾಕಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬೆಳಗಾವಿಗೆ ಕಳಿಸಿ. ಈ ದ್ರಾವಣದಲ್ಲಿ ತುಂಡು 25 ಡಿಗ್ರಿಯಲ್ಲಿ ವಾರ ತಡೆಯುತ್ತದೆ, 37ರಲ್ಲಿ ಒಂದೇ ದಿನ. ವಿಜಯಪುರದ ಏಪ್ರಿಲ್ ಬಿಸಿಲಿಗೆ ಆ ಒಂದು ದಿನವನ್ನೂ ನಂಬುವಂತಿಲ್ಲ.

ಲ್ಯಾಬಿನಲ್ಲಿ 50 ಮಿ.ಗ್ರಾಂ ತುಂಡಿಗೆ 1 ಮಿ.ಲೀ. ಟ್ರೈಜಾಲ್ (ಜೀವಕೋಶ ಒಡೆದು ಆರ್‌ಎನ್‌ಎ ಬಿಡಿಸುವ ಫೀನಾಲ್-ಗ್ವಾನಿಡಿನ್ ದ್ರಾವಣ) ಹಾಕಿ ಅರೆಯಿರಿ. ಕ್ಲೋರೋಫಾರ್ಮ್ ಸೇರಿಸುವ ಮುನ್ನ 12,000 ಜಿ ವೇಗದಲ್ಲಿ, 4 ಡಿಗ್ರಿಯಲ್ಲಿ ಹತ್ತು ನಿಮಿಷ ತಿರುಗಿಸಿ. ಹಾಲಿನ ಮೇಲೆ ಕೆನೆ ಕಟ್ಟಿದಂತೆ ಕೊಬ್ಬು ಮೇಲೆ ಬರುತ್ತದೆ, ಅದನ್ನು ತೆಗೆದುಹಾಕಿ. ಸ್ತನದ ಸ್ಯಾಂಪಲ್‌ಗಳು ಕೆಡುವುದು ಹೆಚ್ಚಾಗಿ ಈ ಹೆಜ್ಜೆ ಬಿಟ್ಟಾಗಲೇ. ಮುಂದೆ ಕ್ಲೋರೋಫಾರ್ಮ್ 0.2 ಮಿ.ಲೀ., ಐಸೋಪ್ರೊಪನಾಲ್ 0.5 ಮಿ.ಲೀ., ಶೇ. 75 ಎಥನಾಲ್ ತೊಳೆತ, ಎಂದಿನಂತೆ. ಶುದ್ಧತೆ ನೋಡಲು, 260 ಮತ್ತು 280 ನ್ಯಾನೋಮೀಟರ್ ಬೆಳಕಿನ ಹೀರಿಕೆಯ ಅನುಪಾತ (260/280) 2ರ ಹತ್ತಿರ ಬರಬೇಕು. 260/230 ಕುಸಿದಿದ್ದರೆ ಗ್ವಾನಿಡಿನ್ ಅಥವಾ ಫೀನಾಲ್ ಉಳಿದಿದೆ. ಎಥನಾಲ್‌ನಲ್ಲಿ ಇನ್ನೊಮ್ಮೆ ತೊಳೆಯಿರಿ.

ಡಿಎನ್‌ಏಸ್ (ಉಳಿದ ಡಿಎನ್‌ಎ ಕತ್ತರಿಸುವ ಕಿಣ್ವ) ಹಾಕದೆ ಮುಂದೆ ಹೋಗಬೇಡಿ. ಜೊತೆಗೆ ಮಲಾಟ್1 (ಇಂಥದೇ ಇನ್ನೊಂದು ಉದ್ದ ಆರ್‌ಎನ್‌ಎ) ಅಳೆಯುವವರು ಇನ್ನಷ್ಟು ಎಚ್ಚರವಾಗಿರಬೇಕು: ಅದಕ್ಕೆ ಎಂದಿನ ಪಾಲಿ-ಎ ಬಾಲ (ತುದಿಯ ಎ ಅಕ್ಷರಗಳ ಸಾಲು) ಇಲ್ಲ, ಹಾಗಾಗಿ ಸಿಡಿಎನ್‌ಎಗೆ (ಆರ್‌ಎನ್‌ಎಯಿಂದ ಮಾಡುವ ಡಿಎನ್‌ಎ ಪ್ರತಿ) ಬರೀ ಆ ಬಾಲಕ್ಕೆ ಅಂಟುವ ಆಲಿಗೋ-ಡಿಟಿ ಸಾಲದು, ರ್‍ಯಾಂಡಮ್ ಹೆಕ್ಸಾಮರ್ (ಎಲ್ಲೆಂದರಲ್ಲಿ ಅಂಟುವ ಆರಕ್ಷರದ ತುಣುಕು) ಬೇಕು. ಪ್ರತಿ ಸ್ಯಾಂಪಲ್‌ಗೂ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ (ಸಿಡಿಎನ್‌ಎ ಮಾಡುವ ಕಿಣ್ವ) ಹಾಕದ ಒಂದು ಟ್ಯೂಬ್ ಇಡಿ. ಕ್ಯೂಪಿಸಿಆರ್ ಅಳತೆಯಲ್ಲಿ ಅದರಲ್ಲೂ ಸಿಟಿ (ಸಿಗ್ನಲ್ ಮಿತಿ ದಾಟುವ ಸುತ್ತಿನ ಸಂಖ್ಯೆ) ಬೇಗ ಬಂದರೆ ನೀವು ಅಳೆಯುತ್ತಿರುವುದು ಡಿಎನ್‌ಎ. ಹೋಲಿಕೆಗೆ ಜಿಎಪಿಡಿಎಚ್ ಜೀನ್ ಒಂದನ್ನೇ ಆಧಾರ ಮಾಡಿಕೊಳ್ಳಬೇಡಿ, ಗಡ್ಡೆಯಿಂದ ಗಡ್ಡೆಗೆ ಅದೇ ಏರಿಳಿಯುತ್ತದೆ. ಕನಿಷ್ಠ ಎರಡು ಜೀನ್ ಇರಲಿ.

ಹಾಟೇರ್ ಹೆಚ್ಚು, ಕಡಿಮೆ ಎಂದು ಬೇರ್ಪಡಿಸುವ ಮಿತಿಯನ್ನು ಬದುಕುಳಿದವರ ಲೆಕ್ಕ ನೋಡುವ ಮುನ್ನವೇ ಬರೆದಿಡಿ. ಕಪ್ಲಾನ್-ಮೇಯರ್ ಗೆರೆಗಳು (ಕಾಲ ಕಳೆದಂತೆ ಬದುಕುಳಿದವರ ಪ್ರಮಾಣ ತೋರಿಸುವವು) ಚೆನ್ನಾಗಿ ಅಗಲುವ ಜಾಗ ಹುಡುಕಿ ಮಿತಿ ಇಟ್ಟರೆ ಪಿ ಮೌಲ್ಯ (ಆಕಸ್ಮಿಕವಾಗಿಯೇ ಇಷ್ಟು ಅಂತರ ಕಾಣುವ ಸಂಭವ) ಸುಳ್ಳೇ ಚಿಕ್ಕದಾಗುತ್ತದೆ, ಬೇರೆ ಊರಿನ ರೋಗಿಗಳಲ್ಲಿ ಆ ಅಂತರ ಕಾಣುವುದಿಲ್ಲ.