ಕಾಂಕ್ರೀಟ್ ಎಳೆದರೆ ಎಲ್ಲಿ ಬಿರಿಯುತ್ತದೆ? ಲೆಕ್ಕ ಹಾಕಿ ನೋಡಿ

ಗುಂಡನೆಯ ನೀರಿನ ಟ್ಯಾಂಕ್ ತುಂಬಿದಾಗ ಗೋಡೆ ಸುತ್ತಲೂ ಎಳೆತಕ್ಕೆ ಸಿಗುತ್ತದೆ. ಕಮಾನಿನ ಕಾಲು ಸರಿಯದಂತೆ ಹಿಡಿದಿಡುವ ಟೈ ಬೀಮಿನದೂ ಅದೇ ಪಾಡು. ಕಾಂಕ್ರೀಟಿಗೆ ಒತ್ತಿದರೆ ಬಲ, ಎಳೆದರೆ ಇಲ್ಲ. ಹಾಗಾಗಿ ಬಿರಿಯುತ್ತದಾ ಅಂತ ಕೇಳಬೇಡಿ. ಯಾವಾಗ, ಎಷ್ಟು ದೂರಕ್ಕೊಂದು, ಎಷ್ಟು ಅಗಲ ಅಂತ ಕೇಳಿ. ಸಾದಾ ಕ್ಯಾಲ್ಕುಲೇಟರ್ ಸಾಕು.

ಒಂದು ಟೈ ತೆಗೆದುಕೊಳ್ಳೋಣ. ಅಳತೆ 200x200 ಮಿ.ಮೀ., ಎಂ25 ಗ್ರೇಡಿನ ಕಾಂಕ್ರೀಟ್, 16 ಎಂಎಂನ ನಾಲ್ಕು ಕಂಬಿ, ಕವರ್ (ಕಂಬಿಯ ಹೊರಗಿನ ಕಾಂಕ್ರೀಟ್ ಪದರ) 40 ಮಿ.ಮೀ. ಕಂಬಿಗಳ ಒಟ್ಟು ಅಡ್ಡಕೊಯ್ತ 804 ಚದರ ಮಿ.ಮೀ. ಕಾಂಕ್ರೀಟಿನದು 40,000. ಅಂದರೆ ಕಂಬಿಯ ಪಾಲು 0.0201.

ಮೊದಲ ಬಿರುಕು ಯಾವಾಗ? ಎಂ25 ಅನ್ನುವಾಗ ಆ 25 ಒತ್ತಿದಾಗಿನ ಲೆಕ್ಕ. ಎಳೆದರೆ ಚದರ ಮಿ.ಮೀ.ಗೆ ಸುಮಾರು 2.2 ನ್ಯೂಟನ್ ಅಷ್ಟೇ. ಕಂಬಿ ಕಾಂಕ್ರೀಟಿಗಿಂತ 8 ಪಟ್ಟು ಬಿಗಿ. ಅದು ಕೂತ ಜಾಗದ ಕಾಂಕ್ರೀಟನ್ನು ಕಳೆದರೆ 7 ಉಳಿಯುತ್ತದೆ. 40,000ಕ್ಕೆ 7x804 ಕೂಡಿಸಿ 2.2ರಿಂದ ಗುಣಿಸಿ. ಸುಮಾರು 1,00,000 ನ್ಯೂಟನ್, ಅಂದರೆ ಹತ್ತು ಟನ್. (ಒಣಗಿ ಕುಗ್ಗುವುದು, ಬಿಸಿಲು ಇದರಲ್ಲಿ ಸೇರಿಲ್ಲ. ಅವು ಸೇರಿದರೆ ಇನ್ನೂ ಬೇಗ.)

ಆ ಕ್ಷಣದವರೆಗೆ ಕಂಬಿಯ ಮೇಲಿದ್ದದ್ದು ಚದರ ಮಿ.ಮೀ.ಗೆ 18 ನ್ಯೂಟನ್‌ಗಿಂತ ಕಡಿಮೆ. ಸುಮ್ನೆ ಕೂತಿತ್ತು ಅನ್ನಿ. ಬಿರುಕು ಬಿದ್ದದ್ದೇ ತಡ, ಆ ಜಾಗದಲ್ಲಿ ಹತ್ತು ಟನ್ನೂ ಅದರ ತಲೆಗೆ ಬಂತು: 125. ಇದೇ ಟೈಗೆ 8 ಎಂಎಂನ ನಾಲ್ಕೇ ಕಂಬಿ ಹಾಕಿದ್ದರೆ 450 ದಾಟುತ್ತಿತ್ತು. ಎಫ್‌ಇ 500 ಕಂಬಿಯ ಮಿತಿಯೇ 500. ಇನ್ನೂ ಕಡಿಮೆ ಹಾಕಿದರೆ ಮೊದಲ ಬಿರುಕಿಗೇ ಕಂಬಿ ಜಗ್ಗಿಹೋಗಿ, ಆ ಒಂದೇ ಬಿರುಕು ಬಾಯಿ ತೆರೆಯುತ್ತದೆ.

ಈಗ ದೂರ. ನನಗೆ ಇಷ್ಟವಾದ ಭಾಗ ಇದು. ಬಿರುಕಿನ ಅಂಚಿನಲ್ಲಿ ಕಾಂಕ್ರೀಟಿಗೆ ಎಳೆತವೇ ಇಲ್ಲ. ಅಲ್ಲಿಂದ ದೂರ ಹೋದಂತೆ ಕಂಬಿಯ ಏಣುಗಳು ಕಾಂಕ್ರೀಟನ್ನು ಹಿಡಿದು ಎಳೆತವನ್ನು ಸ್ವಲ್ಪ ಸ್ವಲ್ಪವೇ ಅದಕ್ಕೆ ವಾಪಸ್ ಕೊಡುತ್ತವೆ. ಅದು ಮತ್ತೆ 2.2 ಮುಟ್ಟುವವರೆಗೆ ಹೊಸ ಬಿರುಕು ಬೀಳುವಂತಿಲ್ಲ. ಆ ದೂರ ಬೇಕಾದರೆ ಕಂಬಿಯ ವ್ಯಾಸವನ್ನು 7.2 (ಏಣುಳ್ಳ ಕಂಬಿಯ ಹಿಡಿತದ ಲೆಕ್ಕದಿಂದ ಬರುವ ಅಂಕಿ) ಮತ್ತು ಕಂಬಿಯ ಪಾಲಿನ ಗುಣಲಬ್ಧದಿಂದ ಭಾಗಿಸಿ. 16 ÷ (7.2x0.0201), ಸುಮಾರು 110 ಮಿ.ಮೀ. ಇದಕ್ಕಿಂತ ಹತ್ತಿರ ಎರಡು ಬಿರುಕು ಬರುವುದಿಲ್ಲ. ನಡುವೆ 220 ದಾಟಿದರೆ ಇನ್ನೊಂದಕ್ಕೆ ಜಾಗ ಇದೆ ಅಂತ ಅರ್ಥ.

ಈ ಸೂತ್ರದಲ್ಲಿ ಕಾಂಕ್ರೀಟಿನ ಗ್ರೇಡೇ ಇಲ್ಲ, ಗಮನಿಸಿದಿರಾ? ಗ್ರೇಡ್ ಏರಿದರೆ ಎಳೆತ ತಡೆಯುವ ಬಲವೂ ಏರುತ್ತದೆ, ಕಂಬಿಯ ಹಿಡಿತವೂ ಏರುತ್ತದೆ, ಎರಡೂ ವಜಾ. ವ್ಯತ್ಯಾಸ ಮಾಡುವುದು ಕಂಬಿಯ ದಪ್ಪ ಮತ್ತು ಪಾಲು. ಸರಿಯಾಗಿ ಯಾವ ಜಾಗ ಅಂತ ಹೇಳಲು ಆಗದು, ಆದರೆ ಕಂಬಿಗಳನ್ನು ಸುತ್ತಿ ರಿಂಗ್ ಕಟ್ಟಿದ ಕಡೆ ಮೊದಲು ನೋಡಿ.

ಕೊನೆಗೆ ಅಗಲ. ಟೈ ಮೇಲೆ 16 ಟನ್, ಅಂದರೆ 1,60,000 ನ್ಯೂಟನ್ ಬಿತ್ತು ಅಂದುಕೊಳ್ಳಿ. 804ರಿಂದ ಭಾಗಿಸಿದರೆ 199. ಬಿರುಕುಗಳ ನಡುವಿನ ಕಾಂಕ್ರೀಟ್ ಕೈಜೋಡಿಸುವುದರಿಂದ ಸುಮಾರು 51 ಕಳೆಯಬಹುದು. ಉಳಿದದ್ದನ್ನು ಕಂಬಿಯ ಬಿಗಿತವಾದ 2,00,000ದಿಂದ ಭಾಗಿಸಿ 220ರಿಂದ ಗುಣಿಸಿ: 0.16 ಮಿ.ಮೀ. ನೀರಿನ ಟ್ಯಾಂಕಿಗೆ ಭಾರತೀಯ ಮಾನಕ ಐಎಸ್ 3370 ಹೇಳುವ ಮಿತಿ 0.2. ಪಾಸು ಅಲ್ವಾ?

ಅಲ್ಲ, ಕವರ್ ಮರೆತೆವು. ಹಿಡಿತ ಇರುವುದು ಕಂಬಿಯ ಹತ್ತಿರ, ನಮಗೆ ಬಿರುಕು ಕಾಣುವುದು 40 ಮಿ.ಮೀ. ಆಚೆ. ಯುರೋಪಿನ ಕಾಂಕ್ರೀಟ್ ಮಾನಕ ಯುರೋಕೋಡ್ 2 (2004ರ ಆವೃತ್ತಿ) ಕವರಿನ 3.4 ಪಟ್ಟನ್ನು ದೂರಕ್ಕೆ ಸೇರಿಸುತ್ತದೆ. ಅದರ ಸೂತ್ರದಲ್ಲಿ ನಮ್ಮ 220ರ ಜಾಗಕ್ಕೂ 271 ಬರುತ್ತದೆ, ಹಾಗಾಗಿ ಒಟ್ಟು ದೂರ 407 ಮಿ.ಮೀ., ಅಗಲ 0.30. ಸಾಮಾನ್ಯ ಕಟ್ಟಡಕ್ಕೆ ಐಎಸ್ 456ರ ಮಿತಿ 0.3, ಅಂಚಿನಲ್ಲಿ ನಿಂತಿದೆ. ಟ್ಯಾಂಕಿಗಂತೂ ಆಗದು.

ಹಾಗಂತ ಕವರ್ ಕಡಿಮೆ ಮಾಡಿದರೆ ಕಂಬಿಗೆ ತುಕ್ಕು. ಬದಲಿಗೆ ಕಂಬಿ ಸಣ್ಣದು ಮಾಡಿ, ಸಂಖ್ಯೆ ಜಾಸ್ತಿ ಮಾಡಿ. 12 ಎಂಎಂನ ಎಂಟು ಹಾಕಿದರೆ 0.21. ಹತ್ತು ಹಾಕಿದರೆ 0.15ರ ಆಸುಪಾಸು. ಆದರೆ ಆಗ ಕೆಲವು ಕಂಬಿಗಳ ನಡುವೆ ಉಳಿಯುವುದು 24 ಮಿ.ಮೀ. ಮಾತ್ರ. 20 ಎಂಎಂ ಜಲ್ಲಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. 12 ಎಂಎಂ ಜಲ್ಲಿ ತರಿಸಲು ಮೇಸ್ತ್ರಿಗೆ ಮೊದಲೇ ಹೇಳಿಬಿಡಿ.