ಗೂಗಲ್ ಜಾಹೀರಾತು: ಬೇಡದ ಕ್ಲಿಕ್ಕಿಗೆ ದುಡ್ಡು ಸುರಿಯದಿರಿ

ಹುಬ್ಬಳ್ಳಿಯ ಒಂದು ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ತರಬೇತಿ ಕೇಂದ್ರ ದಿನಕ್ಕೆ 500 ರೂಪಾಯಿ ಇಟ್ಟು ಗೂಗಲ್ ಸರ್ಚ್‌ನಲ್ಲಿ ಜಾಹೀರಾತು ಹಾಕಿದೆ ಎಂದುಕೊಳ್ಳಿ. ಮಧ್ಯಾಹ್ನದೊಳಗೆ ಹಣ ಖಾಲಿ, ಫೋನು ಮಾತ್ರ ತಣ್ಣಗಿದೆ. ಇಲ್ಲಿ ಯಾರಾದರೂ ಜಾಹೀರಾತನ್ನು ಕ್ಲಿಕ್ ಮಾಡಿದಾಗ ಹಣ ಹೋಗುತ್ತದೆ. ದುಡ್ಡು ತಿಂದವರು ‘ಟ್ಯಾಲಿ ಫ್ರೀ ಡೌನ್‌ಲೋಡ್’ ಎಂದು ಹುಡುಕಿ ಕ್ಲಿಕ್ ಮಾಡಿದವರು.

ಗೂಗಲ್ ಆಡ್ಸ್‌ನಲ್ಲಿ ಕ್ಯಾಂಪೇನ್ (ಜಾಹೀರಾತು ಅಭಿಯಾನ) ತೆರೆಯುವಾಗ ‘ಸರ್ಚ್’ ಆರಿಸಿ, ಡಿಸ್‌ಪ್ಲೇ ನೆಟ್‌ವರ್ಕ್ (ಬೇರೆ ವೆಬ್‌ಸೈಟ್, ಆ್ಯಪ್‌ಗಳು) ಮತ್ತು ಸರ್ಚ್ ಪಾರ್ಟ್ನರ್ಸ್ (ಗೂಗಲ್ ಹುಡುಕಾಟ ಬಳಸುವ ಬೇರೆ ಸೈಟ್‌ಗಳು) ಎರಡರ ಟಿಕ್ಕನ್ನೂ ತೆಗೆಯಿರಿ. ಲೊಕೇಶನ್ ಆಯ್ಕೆಯಲ್ಲಿ ‘ಪ್ರೆಸೆನ್ಸ್’ (ಆ ಊರಿನಲ್ಲಿ ಇರುವವರು) ಮಾತ್ರ ಇರಲಿ. ಇಲ್ಲವಾದರೆ ಹುಬ್ಬಳ್ಳಿಯ ಬಗ್ಗೆ ಆಸಕ್ತಿ ತೋರಿಸಿದ ದೂರದೂರಿನವರಿಗೂ ಜಾಹೀರಾತು ಕಾಣುತ್ತದೆ.

ಒಂದು ಕ್ಲಿಕ್ಕಿಗೆ ಎಷ್ಟು ಕೊಡಬಹುದು ಎಂಬ ಲೆಕ್ಕ ಮೊದಲೇ ಆಗಬೇಕು. ನೂರು ಕ್ಲಿಕ್ಕಿಗೆ ಇಬ್ಬರು ಸೇರುತ್ತಾರೆ, ಒಬ್ಬರನ್ನು ಸೇರಿಸಲು 800 ರೂಪಾಯಿ ಖರ್ಚು ಮಾಡಲು ಸಿದ್ಧ ಎಂದಾದರೆ ಕ್ಲಿಕ್ಕಿಗೆ 16 ರೂಪಾಯಿ. ಬಿಡ್ಡಿಂಗ್‌ನಲ್ಲಿ (ಕ್ಲಿಕ್ಕಿಗೆ ಕೂಗುವ ಬೆಲೆ) ‘ಮ್ಯಾಕ್ಸಿಮೈಜ್ ಕ್ಲಿಕ್ಸ್’ ಆರಿಸಿ ಗರಿಷ್ಠ ಬಿಡ್ ಮಿತಿಯ ಜಾಗದಲ್ಲಿ ಈ 16 ಬರೆಯಿರಿ. ಅದನ್ನು ಖಾಲಿ ಬಿಡುವವರೇ ಹೆಚ್ಚು. ದಿನದ ಬಜೆಟ್ 500 ಎಂದರೆ ದಿನವೂ ಐನೂರೇ ಅಲ್ಲ: ಗೂಗಲ್ ಒಂದು ದಿನ ಸಾವಿರದವರೆಗೂ ಖರ್ಚು ಮಾಡಬಹುದು. ತಿಂಗಳ ಮಿತಿ 500ರ 30.4 ಪಟ್ಟು, ಅಂದರೆ 15,200. ಇದರ ಮೇಲೆ ಶೇ 18 ಜಿಎಸ್‌ಟಿ.

ಹತ್ತು ಕೀವರ್ಡ್ (ಯಾವ ಹುಡುಕಾಟಕ್ಕೆ ಜಾಹೀರಾತು ಕಾಣಬೇಕು ಎಂದು ನೀವು ಕೊಡುವ ಪದಗಳು) ಸಾಕು. ಐನೂರು ಕೀವರ್ಡ್‌ಗಳ ಪಟ್ಟಿ ಮಾರುವವರಿಂದ ದೂರವಿರಿ. ಯಾವ ಚಿಹ್ನೆಯೂ ಇಲ್ಲದೆ ಬರೆದರೆ ಅದು ಬ್ರಾಡ್ ಮ್ಯಾಚ್, ಅಂದರೆ ದೂರದ ಸಂಬಂಧವಿರುವ ಹುಡುಕಾಟಕ್ಕೂ ಜಾಹೀರಾತು ಕಾಣುತ್ತದೆ. ಸಣ್ಣ ಬಜೆಟ್ಟಿಗೆ ಅದು ಸೋರುವ ಕೊಡ. “ಟ್ಯಾಲಿ ಕೋರ್ಸ್ ಹುಬ್ಳಿ” ಎಂದು ಉದ್ಧರಣ ಚಿಹ್ನೆಯೊಳಗಿಟ್ಟರೆ ಫ್ರೇಸ್ (ಆ ಅರ್ಥವನ್ನು ಒಳಗೊಂಡ ಹುಡುಕಾಟಗಳಿಗೆ), ಚೌಕ ಆವರಣದಲ್ಲಿಟ್ಟರೆ ಎಕ್ಸಾಕ್ಟ್ (ಅದೊಂದಕ್ಕೇ). ಎಕ್ಸಾಕ್ಟ್ ಕೂಡ ಈಗ ಅದೇ ಅರ್ಥದ ಬೇರೆ ಪದಗಳಿಗೆ ಹೊಂದಿಕೊಳ್ಳುತ್ತದೆ.

ಬಹುತೇಕರು ಎಡವುವುದು ನೆಗೆಟಿವ್ ಕೀವರ್ಡ್‌ನಲ್ಲಿ, ಅಂದರೆ ಜಾಹೀರಾತು ಕಾಣಬಾರದ ಹುಡುಕಾಟಗಳನ್ನು ತಡೆಯುವ ಪದಗಳಲ್ಲಿ. ಇದು ಮಾಮೂಲಿ ಕೀವರ್ಡ್‌ನಂತೆ ಅರ್ಥ ನೋಡುವುದಿಲ್ಲ, ಪದ ನೋಡುತ್ತದೆ. ‘ಫ್ರೀ’ ತಡೆದರೂ ‘ಉಚಿತ’ ನುಸುಳುತ್ತದೆ. ‘ವೇಕೆನ್ಸಿ’ ತಡೆದರೂ ‘ವೇಕೆನ್ಸೀಸ್’ ಬರುತ್ತದೆ. ಏಕವಚನ, ಬಹುವಚನ, ಕನ್ನಡ ಲಿಪಿ, ಇಂಗ್ಲಿಷ್ ಲಿಪಿ ಎಲ್ಲವನ್ನೂ ಬೇರೆಬೇರೆಯಾಗಿ ಹಾಕಬೇಕು. ಡೌನ್‌ಲೋಡ್, ಕ್ರ್ಯಾಕ್, ಪಿಡಿಎಫ್, ಯೂಟ್ಯೂಬ್, ಸ್ಯಾಲರಿ ಇವೆಲ್ಲ ಮೊದಲ ದಿನವೇ ಪಟ್ಟಿಯಲ್ಲಿರಲಿ. ಆದರೆ ‘ಜಾಬ್’ ಎಂಬುದನ್ನು ಒಂಟಿಯಾಗಿ ಹಾಕಬೇಡಿ. ‘ಟ್ಯಾಲಿ ಕೋರ್ಸ್ ವಿತ್ ಜಾಬ್ ಪ್ಲೇಸ್‌ಮೆಂಟ್’ ಎಂದು ಹುಡುಕುವವರೇ ಫೀಸು ಕಟ್ಟುವ ಗಿರಾಕಿ. ಅವರಿಗೂ ಬಾಗಿಲು ಮುಚ್ಚಿಹೋಗುತ್ತದೆ. ಅದರ ಬದಲು “ಟ್ಯಾಲಿ ಜಾಬ್ಸ್”, “ಜಾಬ್ಸ್ ಇನ್ ಹುಬ್ಳಿ” ಎಂದು ಫ್ರೇಸ್ ರೂಪದಲ್ಲಿ ತಡೆಯಿರಿ.

ಜನ ನಿಜವಾಗಿ ಏನು ಹುಡುಕಿದಾಗ ಜಾಹೀರಾತು ಕಂಡಿತು ಎಂದು ತೋರಿಸುವ ಸರ್ಚ್ ಟರ್ಮ್ಸ್ ವರದಿಯನ್ನು ಮೊದಲ ಎರಡು ವಾರ ದಿನ ಬಿಟ್ಟು ದಿನ ನೋಡಿ, ಆಮೇಲೆ ವಾರಕ್ಕೊಮ್ಮೆ ಸಾಕು. ಅಲ್ಲಿ ಬೇಡದ ಸಾಲಿಗೆ ಟಿಕ್ ಹಾಕಿ ನೆಗೆಟಿವ್‌ಗೆ ಸೇರಿಸಿದರೆ ಅದು ತಾನಾಗಿಯೇ ಎಕ್ಸಾಕ್ಟ್ ಆಗಿ ಸೇರುತ್ತದೆ, ಆ ಸಾಲನ್ನಷ್ಟೇ ತಡೆಯುತ್ತದೆ. ‘ಟ್ಯಾಲಿ ನೋಟ್ಸ್ ಇನ್ ಕನ್ನಡ’ ನಿಂತಿತು, ಮರುದಿನ ‘ಟ್ಯಾಲಿ ನೋಟ್ಸ್’ ಬಂತು. ಉಳಿಸುವ ಮೊದಲು ಚೌಕ ಆವರಣ ಅಳಿಸಿ, ಕಾಟ ಕೊಡುವ ಪದವನ್ನಷ್ಟೇ ಉಳಿಸಿ. ವರದಿ ಎಲ್ಲ ಹುಡುಕಾಟಗಳನ್ನೂ ತೋರಿಸುವುದಿಲ್ಲ. ಕೆಲವೇ ಜನ ಹುಡುಕಿದ್ದನ್ನು ಗೂಗಲ್ ಮರೆಮಾಡುತ್ತದೆ. ಹಾಗಾಗಿ ಕಂಡದ್ದರಿಂದ ಕಾಣದ್ದನ್ನು ಊಹಿಸಿ ಪಟ್ಟಿ ಬೆಳೆಸಬೇಕು.

ಇನ್ನು ಗೂಗಲ್ ಸಲಹೆ ಕೊಡುವ ‘ರೆಕಮೆಂಡೇಶನ್ಸ್’ ಪುಟದ ಅಂಕ ನೂರಾಗಲಿಲ್ಲವೆಂದು ಕೊರಗಬೇಡಿ. ಬೇಡದ ಸಲಹೆಯನ್ನು ‘ಡಿಸ್ಮಿಸ್’ ಮಾಡಿದರೂ ಅಂಕ ಏರುತ್ತದೆ. ಆಟೊ ಅಪ್ಲೈ (ಸಲಹೆಗಳನ್ನು ಗೂಗಲ್ ತಾನೇ ಜಾರಿ ಮಾಡುವ ಆಯ್ಕೆ) ಮಾತ್ರ ಇಂದೇ ಆಫ್ ಮಾಡಿ, ಇಲ್ಲವಾದರೆ ನೀವು ತೆಗೆದ ಬ್ರಾಡ್ ಮ್ಯಾಚ್ ಹಿತ್ತಲ ಬಾಗಿಲಿನಿಂದ ಮರಳೀತು. ‘ಮೊದಲ ಸ್ಥಾನ ಗ್ಯಾರಂಟಿ’ ಎನ್ನುವ ಏಜೆನ್ಸಿಯನ್ನು ನಂಬಬೇಡಿ: ಸ್ಥಾನ ಪ್ರತಿ ಹುಡುಕಾಟಕ್ಕೂ ಹೊಸದಾಗಿ ಹರಾಜಾಗುತ್ತದೆ.

ಭಾನುವಾರ ಕರೆ ಎತ್ತುವವರಿಲ್ಲದಿದ್ದರೆ ಆಡ್ ಶೆಡ್ಯೂಲ್‌ನಿಂದ (ಜಾಹೀರಾತು ಕಾಣುವ ದಿನ, ಸಮಯದ ಪಟ್ಟಿ) ಆ ದಿನವನ್ನೇ ತೆಗೆದುಬಿಡಿ.