ತೊಳೆಯಲು ಬರುವವನು ಎಲ್ಲಿ ನಿಲ್ಲುತ್ತಾನೆ?

ಬೇರೆಯವರ ಮನೆಗೆ ಎಸಿ ಕೂರಿಸಿ ಕೂರಿಸಿ ಹನ್ನೆರಡು ವರ್ಷವಾದ ಮೇಲೆ ನಮ್ಮ ಮನೆಗೂ ಒಂದು ಬಂತು. ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ, ತಂಪು ಮಾಡುವ ಗ್ಯಾಸು ಆರ್-32. ನಾವಿರುವುದು ಕೊನೇ ಮಹಡಿಯಲ್ಲಿ. ಒಳಗಿನ ಯೂನಿಟ್ ಯಾವ ಗೋಡೆಗೆ ಅನ್ನುವುದು ಐದು ನಿಮಿಷದಲ್ಲಿ ಇತ್ಯರ್ಥವಾಯಿತು. ಔಟ್‌ಡೋರ್ ಯೂನಿಟ್ಟಿಗೆ ಜಾಗ ಹುಡುಕಲು ಎರಡು ದಿನ ಬೇಕಾಯಿತು.

ಮನೆಯವರೆಲ್ಲ ಬೊಟ್ಟು ಮಾಡಿದ್ದು ಕಿಟಕಿಯ ಮೇಲಿನ ಸಜ್ಜಾ ಕಡೆಗೆ. ಎರಡೂ ಯೂನಿಟ್ ಜೋಡಿಸುವ ಗ್ಯಾಸಿನ ಪೈಪು ಎರಡು ಮೀಟರ್ ಸಾಕು, ಹೊರಗಿನಿಂದ ಅಷ್ಟಾಗಿ ಕಾಣುವುದೂ ಇಲ್ಲ. ಆದರೆ ಸಜ್ಜಾ ಹಾಕಿರುವುದು ಬಿಸಿಲು ಮಳೆ ತಡೆಯಲಿಕ್ಕೆ. 30-40 ಕಿಲೋ ತೂಗುವ ಯಂತ್ರ, ಅದರ ಪಕ್ಕ ಹತ್ತಿ ನಿಂತ ಒಬ್ಬ ಆಳು, ಮೇಲೆ ಕಂಪ್ರೆಸರಿನ ನಡುಕ, ಇದೆಲ್ಲವನ್ನೂ ಹೊರಲು ಅಲ್ಲ. ಪೈಪು ತೀರಾ ಗಿಡ್ಡವಾದರೂ ತೊಂದರೆಯೇ. ಸದ್ದು, ನಡುಕ ಸೀದಾ ಕೋಣೆಗೆ ಬರುತ್ತದೆ. ಕನಿಷ್ಠ 3 ಮೀಟರ್ ಇರಲಿ ಎಂದು ಎಷ್ಟೋ ಕೈಪಿಡಿಗಳಲ್ಲಿ ಬರೆದಿರುತ್ತದೆ.

ಕೆಲಸ ಕಲಿಯುವಾಗ ಇಂಥದ್ದೇ ಒಂದು ಸಜ್ಜಾದ ಮೇಲೆ ನಾನೂ ನಿಂತಿದ್ದೆ. ಒಂದು ಕೈಯಲ್ಲಿ ಕಿಟಕಿಯ ಸರಳು, ಇನ್ನೊಂದರಲ್ಲಿ ಸ್ಪ್ಯಾನರು. ಸ್ಪ್ಯಾನರು ಜಾರಿ ಮೂರು ಮಹಡಿ ಕೆಳಗೆ ಬಿತ್ತು. ಕೆಳಗೆ ಯಾರೂ ಇರಲಿಲ್ಲ, ಅಷ್ಟೇ ಪುಣ್ಯ. ಅವತ್ತಿನಿಂದ ಯಾವ ಜಾಗ ನೋಡಿದರೂ ಮೊದಲು ಕೇಳಿಕೊಳ್ಳುವುದು ಇದನ್ನೇ: ಇದನ್ನು ತೊಳೆಯಲು ಬರುವವನು ಎಲ್ಲಿ ನಿಲ್ಲುತ್ತಾನೆ? ಕೂರಿಸುವುದು ಒಂದು ದಿನದ ಕೆಲಸ. ಕಾಯಿಲ್ (ಯೂನಿಟ್ಟಿನ ಹಿಂದೆ ಬಿಸಿ ಬಿಡುವ ಕೊಳವೆಗಳ ಜಾಲ) ತೊಳೆಯಲು, ಗ್ಯಾಸು ನೋಡಲು ಯಾರಾದರೂ ವರ್ಷ ವರ್ಷ ಬರುತ್ತಲೇ ಇರುತ್ತಾರೆ.

ಎರಡನೇ ಜಾಗ ಹಿಂದಿನ ಗೋಡೆ. ಬ್ರಾಕೆಟ್ ಹೊಡೆದು ನೇತುಹಾಕುವುದು. ಗೋಡೆ ಗಟ್ಟಿಯಾಗಿದೆ ಅಂತ ತಟ್ಟಿ ಹೇಳುವವರನ್ನು ನಾನು ನಂಬುವುದಿಲ್ಲ, ಡ್ರಿಲ್ ಹಾಕಿ ನೋಡುತ್ತೇನೆ. ಕೆಂಪು ಪುಡಿ ಬಂದರೆ ಇಟ್ಟಿಗೆ, ಬೂದು ಪುಡಿ ಒಂದೇ ಸಮ ಬರುತ್ತಾ ಡ್ರಿಲ್ಲಿನ ಮೊನೆ ಬಿಗಿಯಾಗಿ ಇಳಿದರೆ ಕಾಂಕ್ರೀಟು. ಸ್ವಲ್ಪ ಹೋಗಿ ಮೊನೆ ತಟಕ್ಕನೆ ಒಳಗೆ ನುಗ್ಗಿತೋ, ಒಳಗೆ ಟೊಳ್ಳು, ಹಾಲೋ ಬ್ಲಾಕು. ನಮ್ಮದು ಹಾಗೇ ನುಗ್ಗಿತು. ಇಂಥ ಗೋಡೆಗೆ ನಾನೇ ಹಿಂದೊಮ್ಮೆ ಮಾಮೂಲಿ ಆಂಕರ್ ಬೋಲ್ಟ್ ಹೊಡೆದು ಬಂದಿದ್ದೆ. ಮರುವರ್ಷ ಸರ್ವಿಸಿಗೆ ಹೋದಾಗ ಬ್ರಾಕೆಟ್ಟಿಗೂ ಗೋಡೆಗೂ ನಡುವೆ ಬೆರಳು ತೂರುವಷ್ಟು ಸಂದು. ಯೂನಿಟ್ ಇಳಿಸಿ ಬೇರೆ ಕಡೆ ಇಟ್ಟುಕೊಟ್ಟೆ, ದುಡ್ಡು ಕೇಳಲಿಲ್ಲ; ಕೇಳುವ ಮುಖವೂ ಇರಲಿಲ್ಲ.

ಉಳಿದದ್ದು ಬಾಲ್ಕನಿ. ನಿಲ್ಲಲು ಜಾಗವಿದೆ, ನೆಲ ಭಾರ ತಡೆಯುತ್ತದೆ. ಆದರೆ ನಮ್ಮ ಬಾಲ್ಕನಿ ಮೂರೂವರೆ ಅಡಿ ಅಗಲ. ಯೂನಿಟ್ ಹಿಂದಿನಿಂದ ಗಾಳಿ ಎಳೆದುಕೊಂಡು ಮುಂದಿನಿಂದ ಬಿಸಿಗಾಳಿ ಉಗುಳುತ್ತದೆ. ಎದುರಿಗೇ ಗಿಡ್ಡಗೋಡೆ ಅಡ್ಡ ಬಂದರೆ ಆ ಬಿಸಿಗಾಳಿ ತಿರುಗಿ ಹಿಂದಕ್ಕೇ ಬಂದು, ಯಂತ್ರ ತಾನು ಬಿಟ್ಟಿದ್ದನ್ನೇ ಮತ್ತೆ ಕುಡಿಯುತ್ತದೆ. ತಂಪು ಕಡಿಮೆಯಾಗುತ್ತದೆ, ಕರೆಂಟು ಹೆಚ್ಚು ತಿನ್ನುತ್ತದೆ, ನಡು ಮಧ್ಯಾಹ್ನ ಕಂಪ್ರೆಸರ್ ನಿಂತೇ ಹೋಗುತ್ತದೆ. ಕಟ್ಟಡಗಳ ಮಧ್ಯದ ಕಿರಿದಾದ ಗಾಳಿಕಿಂಡಿಯಲ್ಲಿ ಸಾಲಾಗಿ ಇಟ್ಟ ಯೂನಿಟ್‌ಗಳದ್ದೂ ಇದೇ ಗೋಳು, ಕೆಳಗಿನವರ ಬಿಸಿಯೆಲ್ಲ ಮೇಲಿನವರಿಗೆ.

ಇದಕ್ಕಿಂತ ದೊಡ್ಡ ಕಾರಣ ನನ್ನ ಮಗ, ನಾಲ್ಕು ವರ್ಷದವನು. ಗಿಡ್ಡಗೋಡೆಯ ಪಕ್ಕ ಎರಡಡಿ ಎತ್ತರದ ಪೆಟ್ಟಿಗೆ ಇಟ್ಟರೆ ಅದು ಅವನಿಗೆ ಮೆಟ್ಟಿಲು. ಕೈಪಿಡಿಗಳಲ್ಲಿ ಅಂತರದ ಚಿತ್ರ ಬರೆದಿರುತ್ತಾರೆ, ಆ ಚಿತ್ರದಲ್ಲಿ ಮಕ್ಕಳನ್ನು ನಾನಂತೂ ನೋಡಿಲ್ಲ.

ಹಾಗಾಗಿ ತಾರಸಿಗೆ ಹೋದೆ. ಅಲ್ಲಿಯೂ ಮನಸ್ಸು ಮೊದಲು ಓಡಿದ್ದು ಪ್ಯಾರಪೆಟ್ ಅಂಚಿಗೆ, ಕೋಣೆ ಅದರ ನೇರ ಕೆಳಗಿದೆ ಅಂತ. ಮತ್ತದೇ ಮೆಟ್ಟಿಲು, ಮತ್ತದೇ ಅಡ್ಡಗೋಡೆ. ಕೊನೆಗೆ ಮೆಟ್ಟಿಲುಕೋಣೆಯ ಗೋಡೆಗೆ ಬೆನ್ನು ಮಾಡಿ, ಒಂದಡಿ ಬಿಟ್ಟು, ಮುಖ ಬಯಲಿಗೆ ಮಾಡಿ ಇಟ್ಟೆ. ಪೈಪು ಸಿಕ್ಕಿಸುವ ಪಕ್ಕದಲ್ಲಿ ಎರಡಡಿ ಬಿಟ್ಟೆ, ಸ್ಪ್ಯಾನರ್ ತಿರುಗಬೇಕಲ್ಲ. ನೀರಿನ ಟ್ಯಾಂಕು ತುಂಬಿ ಸುರಿಯುವ ಕಡೆಯಿಂದ ದೂರ. ಆರ್-32 ಸೋರಿದರೆ ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂರುತ್ತದೆ, ಸುಲಭಕ್ಕಲ್ಲದಿದ್ದರೂ ಹೊತ್ತಿಕೊಳ್ಳುತ್ತದೆ. ಬಯಲಾದ್ದರಿಂದ ಆ ಚಿಂತೆಯೂ ಇಲ್ಲ.

ತಾರಸಿಗೆ ತೂತು ಕೊರೆದರೆ ಮಳೆಗಾಲಕ್ಕೆ ಸೋರುತ್ತದೆ. ಎರಡು ಭಾರದ ಕಾಂಕ್ರೀಟ್ ದಿಮ್ಮಿ ಎರಕ ಹೊಯ್ದು, ಅದರಲ್ಲೇ ಬೋಲ್ಟ್ ಕೂರಿಸಿ, ಕೆಳಗೆ ದಪ್ಪ ರಬ್ಬರ್ ಹಾಸಿದೆ. ಪೈಪು 7 ಮೀಟರ್ ಆಯಿತು. ನನ್ನ ಯೂನಿಟ್ಟಿನಲ್ಲಿ ಕಂಪನಿಯವರು ತುಂಬಿದ ಗ್ಯಾಸು 7.5 ಮೀಟರಿಗೆ ಸಾಕು, ಹೆಚ್ಚು ಹಾಕಬೇಕಾಗಲಿಲ್ಲ. ಔಟ್‌ಡೋರ್ ಮೇಲಿದ್ದು ಇಂಡೋರ್ ಕೆಳಗಿದ್ದರೆ ಮಳೆನೀರು ಪೈಪು ಹಿಡಿದು ಗೋಡೆಯೊಳಗೆ ಇಳಿಯುತ್ತದೆ. ಅದಕ್ಕೆ ತೂತಿಗೆ ಮೊದಲು ಪೈಪನ್ನು ಕೆಳಕ್ಕೆ ಬಾಗಿಸಿ, ತೂತನ್ನು ಹೊರಕ್ಕೆ ಇಳಿಜಾರಾಗಿ ಕೊರೆದು, ಪುಟ್ಟಿ ತುಂಬಿದೆ. ಯೂನಿಟ್ ಪಕ್ಕದಲ್ಲೇ ಮಳೆ ತಡೆಯುವ ಐಸೋಲೇಟರ್ ಸ್ವಿಚ್ಚು, ಸರಿಯಾದ ಅರ್ಥಿಂಗು. ತೊಳೆಯುವವನು ಕರೆಂಟನ್ನು ತಾನೇ ತೆಗೆದು ಕೆಲಸ ಶುರುಮಾಡಬೇಕು, ಕೆಳಗಿರುವವರನ್ನು ಕೂಗಿ ನಂಬುವಂತಾಗಬಾರದು.

ಓಡಿಸಿ ಅರ್ಧ ಗಂಟೆಯಾದ ಮೇಲೆ ಥರ್ಮಾಮೀಟರನ್ನು ಕಾಯಿಲ್ಲಿನ ಹಿಂದೆ ಹಿಡಿದೆ, ಆಮೇಲೆ ದೂರದ ನೆರಳಲ್ಲಿ ಹಿಡಿದೆ. ಒಂದು ಡಿಗ್ರಿಯೂ ವ್ಯತ್ಯಾಸವಿರಲಿಲ್ಲ, ಅಂದರೆ ಬಿಟ್ಟ ಬಿಸಿಗಾಳಿ ತಿರುಗಿ ಬರುತ್ತಿಲ್ಲ. ಐದಾರು ಡಿಗ್ರಿ ಹೆಚ್ಚು ತೋರಿಸಿದ್ದರೆ ಮತ್ತೆ ಸರಿಸುತ್ತಿದ್ದೆ. ಬಿಸಿಲು ಬೀಳುತ್ತದಲ್ಲ, ಡಬ್ಬಿ ಕಟ್ಟಿಸು ಎಂದರು. ಡಬ್ಬಿಯೊಳಗೆ ಉಸಿರು ಕಟ್ಟುವುದಕ್ಕಿಂತ ಬಿಸಿಲೇ ವಾಸಿ. ಎರಡಡಿ ಮೇಲೆ ಒಂದು ಶೀಟು ಮಾತ್ರ ಹಾಕಿದೆ.

ತಕರಾರು ಒಂದೇ ಬಂದಿದೆ: ಹೊರಗೋಡೆಯ ಮೇಲೆ ಇಳಿದ ಪೈಪು ಚೆನ್ನಾಗಿ ಕಾಣುವುದಿಲ್ಲವಂತೆ. ನಿಜ, ಕಾಣುವುದಿಲ್ಲ. ಮುಂದಿನ ಸಲ ಗೋಡೆಗೆ ಬಣ್ಣ ಹೊಡೆಯುವಾಗ ಅದಕ್ಕೂ ಒಂದು ಕೋಟ್ ಎಂದು ಹೇಳಿಟ್ಟಿದ್ದೇನೆ.